ಬೇಲೂರಿನ ದೊರೆ, ಆಟೋ ಸ್ಟ್ಯಾಂಡಿನ ದಾದಾ

ನಮ್ಮ ಕಡೆ "ವಿಷ್ಣುವರ್ಧನ" ಅಂತ ಬರೀ ಹೆಸರು ಹೇಳಿದ್ರೆ ಸಾಲಲ್ಲ, ಯಾವ ವಿಷ್ಣುವರ್ಧನ ಅಂತ ತಿರುಗಿ ಕೇಳ್ತಾರೆ. ಬೇಲೂರಿನ ದೇವಸ್ಥಾನದ ಒಳಗೆ ನಿಂತಿದ್ರೆ ಅದು ರಾಜ. ಹೊರಗೆ ಬಂದು ಆಟೋಗಳ ಹತ್ರ ನಿಂತ್ರೆ ಅದು ದಾದಾ. ಇಬ್ಬರ ನಡುವೆ ಇರೋದು ಒಂದು ಗೋಪುರದ ಬಾಗಿಲು ಮತ್ತು ಎಂಟುನೂರು ಚಿಲ್ಲರೆ ವರ್ಷ.

ಮೊದಲನೆಯವನು ಹೊಯ್ಸಳ ದೊರೆ. ಅವನ ಹಳೆಯ ಹೆಸರು ಬಿಟ್ಟಿದೇವ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದವನು. ಎರಡನೆಯವರು 1950ರ ಸೆಪ್ಟೆಂಬರ್ 18ರಂದು ಮೈಸೂರಿನಲ್ಲಿ ಹುಟ್ಟಿದ ಸಂಪತ್ ಕುಮಾರ್. ಪುಟ್ಟಣ್ಣ ಕಣಗಾಲ್ ಅವರು 'ನಾಗರಹಾವು' ಚಿತ್ರಕ್ಕೆ ಈ ಹುಡುಗನನ್ನ ಆರಿಸಿಕೊಂಡಾಗ ಹೆಸರು ಬದಲಾಯಿಸಿ ವಿಷ್ಣುವರ್ಧನ್ ಅಂತ ಇಟ್ಟರು. ಅಂದ್ರೆ ಇಬ್ಬರೂ ಹುಟ್ಟುವಾಗ ವಿಷ್ಣುವರ್ಧನರಲ್ಲ, ಆಮೇಲೆ ಆದವರು. ಇನ್ನೊಂದು ತಮಾಷೆ ಇದೆ. ಹೊಯ್ಸಳರ ಲಾಂಛನದಲ್ಲಿ ಸಳ ಅನ್ನೋ ವೀರ ಸಿಂಹಕ್ಕೆ ತಿವೀತಾ ಇರ್ತಾನೆ. ನಮ್ಮ ದಾದಾಗೆ ಜನ ಕೊಟ್ಟ ಬಿರುದು ಸಾಹಸಸಿಂಹ!

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ದಿನ ದಾದಾ ಹುಟ್ಟುಹಬ್ಬ. ಅವತ್ತು ನನ್ನ ಫೋನಿನಲ್ಲಿ ಅರ್ಧ ಜನರ ಸ್ಟೇಟಸ್ ದೇವಸ್ಥಾನದ ಫೋಟೋ, ಇನ್ನರ್ಧ ಜನರದು ಕೈಯಲ್ಲಿ ಕಡಗ ಹಾಕಿಕೊಂಡು ನಿಂತ ದಾದಾ. ಇಬ್ಬರೂ ಬೇರೆ ಬೇರೆ ವಿಷ್ಣುವರ್ಧನರನ್ನ ಹಬ್ಬ ಮಾಡ್ತಿದ್ರು. ಇದು ಕಾಕತಾಳೀಯ ಅಷ್ಟೇ, ಇದರಲ್ಲಿ ಯಾವ ಪವಾಡವೂ ಇಲ್ಲ. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ. ವಿಷ್ಣುವರ್ಧನ್ ತೀರಿಕೊಂಡಿದ್ದು 2009ರ ಡಿಸೆಂಬರ್ 30ರಂದು. ಆಗ ನನಗೆ ಮೂರು ವರ್ಷ. ನನ್ನ ಬ್ಯಾಚಿನ ಎಲ್ಲರಿಗೂ ಹೆಚ್ಚುಕಮ್ಮಿ ಅಷ್ಟೇ. ಅವರು ಬದುಕಿದ್ದಾಗ ಬಿಡುಗಡೆಯಾದ ಒಂದು ಸಿನಿಮಾವನ್ನೂ ನಾವು ಬುದ್ಧಿ ತಿಳಿದು ಥಿಯೇಟರಿನಲ್ಲಿ ನೋಡಿಲ್ಲ. ಆದರೂ ಪ್ರತಿ ವರ್ಷ ಸೆಪ್ಟೆಂಬರ್ 18 ಮತ್ತು ಡಿಸೆಂಬರ್ 30 ನಮಗೆ ನೆನಪಿರುತ್ತೆ. ಇಂಟರ್ನಲ್ಸ್ ಡೇಟ್ ನೆನಪಿರಲ್ಲ, ಇದು ಇರುತ್ತೆ. ಯಾಕೆ? ಸತ್ತುಹೋದ ನಟನೊಬ್ಬನ ನೆನಪನ್ನ ಅಭಿಮಾನಿಗಳು ನಿಜವಾಗಿ ಹೇಗೆ ಕಾಪಾಡ್ತಾರೆ? ಅದರಲ್ಲಿ ಏನು ಉಳಿಯುತ್ತೆ, ಏನು ಹೋಗುತ್ತೆ?

ಮೊದಲು ಆ ಡಿಸೆಂಬರ್ ಬಗ್ಗೆ ಹೇಳಬೇಕು, ಯಾಕಂದ್ರೆ ನಮ್ಮ ಮನೆಯ ದೊಡ್ಡವರು ಅದನ್ನ ಒಂದೇ ಸಾವಿನ ತಿಂಗಳು ಅಂತ ನೆನಪಿಟ್ಟುಕೊಂಡಿಲ್ಲ. ಡಿಸೆಂಬರ್ 29ರಂದು ಗಾಯಕ ಸಿ. ಅಶ್ವತ್ಥ್ ಹೋದರು. ಅವರು ನಮ್ಮ ಹಾಸನ ಜಿಲ್ಲೆಯವರೇ, ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಮಾರನೇ ದಿನ ನಸುಕಿನಲ್ಲಿ ಮೈಸೂರಿನಲ್ಲಿ ಹೃದಯಾಘಾತದಿಂದ ವಿಷ್ಣುವರ್ಧನ್ ಹೋದರು, ವಯಸ್ಸು ಬರೀ 59. ಆಮೇಲೆ 2010ರ ಜನವರಿ 18ಕ್ಕೆ ಕೆ.ಎಸ್. ಅಶ್ವತ್ಥ್. ಅಂದ್ರೆ 'ನಾಗರಹಾವು' ಚಿತ್ರದ ರಾಮಾಚಾರಿ ಹೋದ ಮೂರು ವಾರದೊಳಗೆ ಅವನ ಚಾಮಯ್ಯ ಮೇಷ್ಟ್ರೂ ಹೋದರು. ಅರಸೀಕೆರೆಯಲ್ಲಿ ಆಟೋ ಓಡಿಸುವ ನನ್ನ ಮಾವ ಇದನ್ನ ಹೇಳುವಾಗ ಈಗಲೂ ದನಿ ಇಳಿಸ್ತಾರೆ. "ಶಿಷ್ಯ ಇಲ್ಲದೆ ಮೇಷ್ಟ್ರು ಇರೋಕಾಗ್ಲಿಲ್ಲ ಕಣೋ" ಅಂತಾರೆ. ವೈದ್ಯಕೀಯವಾಗಿ ಇದಕ್ಕೆ ಅರ್ಥ ಇಲ್ಲ ಅಂತ ನನಗೂ ಗೊತ್ತು, ಮಾವನಿಗೂ ಗೊತ್ತು. ಆದರೆ ಜನ ನೆನಪಿಟ್ಟುಕೊಳ್ಳೋದು ಹೀಗೇ. ಎರಡು ಸಾವನ್ನ ಒಂದು ಕಥೆಗೆ ಪೋಣಿಸಿದರೆ ಅದು ಮರೆಯಲ್ಲ. ಇನ್ನೂ ಒಂದು ಎಳೆ ಸಿಗುತ್ತೆ: 'ನಾಗರಹಾವು' ತೆರೆಕಂಡಿದ್ದು 1972ರ ಡಿಸೆಂಬರ್ 29ಕ್ಕೆ. ಅಂದ್ರೆ ಸರಿಯಾಗಿ ಮೂವತ್ತೇಳು ವರ್ಷ ಮತ್ತು ಒಂದು ದಿನ, ರಾಮಾಚಾರಿಯಾಗಿ ಬಂದವರ ಪಯಣ.

ಈಗ ರಾಮಾಚಾರಿಯ ವಿಷಯಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಯಾಕಂದ್ರೆ ನನ್ನ ಪ್ರಕಾರ ಇಡೀ ಅಭಿಮಾನದ ಬೇರು ಇಲ್ಲೇ ಇದೆ.

'ನಾಗರಹಾವು' ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ಸೇರಿಸಿ ಮಾಡಿದ ಸಿನಿಮಾ. ಊರು ಚಿತ್ರದುರ್ಗ. ನಾಯಕ ಕಾಲೇಜು ಹುಡುಗ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವಾಗ ಸಿಕ್ಕಿಬೀಳ್ತಾನೆ, ಪ್ರಿನ್ಸಿಪಾಲರು ಎಲ್ಲರೆದುರು ಅವಮಾನ ಮಾಡ್ತಾರೆ, ಅದೇ ಸಿಟ್ಟಿಗೆ ರಾತ್ರಿ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕ್ತಾನೆ. (ನಮ್ಮ ಕಾಲೇಜಿನ ಆಡಳಿತದವರು ಓದ್ತಿದ್ರೆ: ಇದು ಸಿನಿಮಾ ಕಥೆ, ಸಲಹೆ ಅಲ್ಲ.) ಇಂಥ ಹುಡುಗನನ್ನ ಊರೆಲ್ಲ ದೂರ ಇಟ್ಟಾಗ ಹತ್ತಿರ ಕರೆಯುವ ಒಬ್ಬನೇ ಮನುಷ್ಯ, ಅವನಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರು. ರಾಮಾಚಾರಿ ಯಾರ ಮಾತಿಗೂ ಬಗ್ಗಲ್ಲ, ಮೇಷ್ಟ್ರ ಮಾತಿಗೆ ಬಗ್ತಾನೆ. ಅದೇ ಮೇಷ್ಟ್ರು ಜಾತಿ, ಸಮಾಜ ಅಂತ ಹೇಳಿ ಅವನು ಪ್ರೀತಿಸಿದ ಅಲಮೇಲುವನ್ನ ಬಿಟ್ಟುಬಿಡು ಅಂದಾಗ, ಬಿಟ್ಟುಬಿಡ್ತಾನೆ. ಆ ಒಂದು ವಿಧೇಯತೆಯಿಂದ ಅಲಮೇಲುವಿನ ಬದುಕು ಹಾಳಾಗುತ್ತೆ, ಅವನದೂ ಹಾಳಾಗುತ್ತೆ, ಕೊನೆಗೆ ಮೇಷ್ಟ್ರ ಪ್ರಾಣವೂ ಹೋಗುತ್ತೆ.

ಹಳೇ ಸಿನಿಮಾ ಅಂದ್ರೆ ನೀತಿಪಾಠ ಅಂದುಕೊಂಡು ನೋಡಲು ಕೂತರೆ ಇದು ಬೇರೇನೇ ಹೇಳುತ್ತೆ. ಒಳ್ಳೇ ಗುರು ಕೂಡ ತಪ್ಪು ಹೇಳಬಹುದು, ಪ್ರೀತಿಯಿಂದಲೇ ಹೇಳಬಹುದು, ಕೇಳಿದವನು ಪ್ರೀತಿಯಿಂದಲೇ ಕೇಳಿ ಹಾಳಾಗಬಹುದು. ಸಿಟ್ಟು ಇರುವ, ಮಾತು ಬಾರದ, ಒಳಗೆ ಮಗುವಿನ ಹಾಗಿರುವ ಹುಡುಗ ಪ್ರತಿ ಊರಲ್ಲೂ ಇರ್ತಾನೆ. 1972ರಲ್ಲಿ ಹಾಸನದ ಕಡೆಯ ಅಂಥ ಹುಡುಗರು ಪರದೆ ಮೇಲೆ ಮೊದಲ ಸಲ ತಮ್ಮನ್ನ ನೋಡಿಕೊಂಡಿರಬೇಕು. 22 ವರ್ಷದ ವಿಷ್ಣುವರ್ಧನ್ ಆ ಪಾತ್ರವನ್ನ ಕಣ್ಣಿನಲ್ಲೇ ಮಾಡಿದ್ದಾರೆ. ಆಮೇಲೆ 'ಬಂಧನ'ದ ಡಾಕ್ಟರ್, 'ಸುಪ್ರಭಾತ', 'ಮುತ್ತಿನ ಹಾರ'ದ ಯೋಧ, 'ಯಜಮಾನ'ದ ಅಣ್ಣ, 'ಆಪ್ತಮಿತ್ರ'ದ ಮನೋವೈದ್ಯ, ಹೀಗೆ ವಯಸ್ಸಿನ ಜೊತೆ ಪಾತ್ರಗಳೂ ಬೆಳೆದವು. ನೋಡುವವರೂ ಜೊತೆಗೇ ಬೆಳೆದರು. ರಾಮಾಚಾರಿ ನೋಡಿ ಶಿಳ್ಳೆ ಹೊಡೆದವರು 'ಯಜಮಾನ' ಬರೋ ಹೊತ್ತಿಗೆ ತಾವೇ ಮನೆ ಯಜಮಾನರಾಗಿ, ಹೆಂಡತಿ ಮಕ್ಕಳನ್ನ ಕರೆದುಕೊಂಡು ಥಿಯೇಟರಿಗೆ ಬಂದರು.

ಆ ಮಕ್ಕಳೇ ನಮ್ಮ ಅಪ್ಪ-ಅಮ್ಮ, ಮಾವ-ಚಿಕ್ಕಪ್ಪಂದಿರು. ನಮಗೆ ಇದು ಬಂದದ್ದು ಅಲ್ಲಿಂದ, ಭಾನುವಾರ ಟೀವಿಯಲ್ಲಿ. ನಾನು ಓದಿದ್ದು ಪೂರಾ ಇಂಗ್ಲಿಷ್ ಮೀಡಿಯಂ. ಸ್ಕೂಲಿನಲ್ಲಿ ಕನ್ನಡ ಒಂದು ಸಬ್ಜೆಕ್ಟ್ ಅಷ್ಟೇ. ದೊಡ್ಡ ಕನ್ನಡ ವಾಕ್ಯಗಳನ್ನ ಯಾರಾದರೂ ಉಸಿರು ಹಿಡಿದು ಮಾತಾಡೋದನ್ನ ನಾನು ಮೊದಲು ಕೇಳಿದ್ದು ಇಂಥ ಸಿನಿಮಾಗಳಲ್ಲಿ. ಮಾವನ ಆಟೋ ಹಿಂದೆ ಇದ್ದ "ಸಾಹಸಸಿಂಹ" ಅನ್ನೋ ಅಕ್ಷರಗಳು ನಾನು ಪುಸ್ತಕದ ಹೊರಗೆ ಕೂಡಿಸಿ ಓದಿದ ಮೊದಲ ಕನ್ನಡ ಪದಗಳಲ್ಲಿ ಒಂದು. ಈ ತರಹದ ಸಾಲ ತೀರಿಸೋಕೆ ಆಗಲ್ಲ.

ಸರಿ, ನೆನಪಿಟ್ಟುಕೊಳ್ಳೋದು ಅಂದ್ರೆ ಏನು ಮಾಡ್ತಾರೆ? ನಮ್ಮೂರ ಕಡೆ ಡಿಸೆಂಬರ್ 30 ನೋಡಿದವರಿಗೆ ಇದು ಗೊತ್ತು. ಬೆಳಿಗ್ಗೆ ಆಟೋ ಸ್ಟ್ಯಾಂಡಿನಲ್ಲಿ ಮೇಜು, ಮೇಜಿನ ಮೇಲೆ ಫೋಟೋ, ಫೋಟೋಗೆ ಹಾರ, ಊದಿನಕಡ್ಡಿ, ತೆಂಗಿನಕಾಯಿ. ಕಲ್ಪತರು ಸೀಮೆ ಪಕ್ಕದಲ್ಲೇ ಇರೋದ್ರಿಂದ ತೆಂಗಿನಕಾಯಿಗೆ ಮಾತ್ರ ಯಾವತ್ತೂ ಬರ ಇಲ್ಲ. ಮಧ್ಯಾಹ್ನ ಪುಳಿಯೋಗರೆ ಇಲ್ಲ ಪಲಾವ್, ಜೊತೆಗೆ ಕೇಸರಿಬಾತ್. ಸ್ಪೀಕರಿನಲ್ಲಿ ಹಾಡು. ದುಡ್ಡು ಬರೋದು ಚಂದಾದಿಂದ: ನೂರು, ಇನ್ನೂರು, ಅಂಗಡಿಯವರು ಐನೂರು. ಯಾರು ಎಷ್ಟು ಕೊಟ್ಟರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ, ಮುಂದಿನ ವರ್ಷ ಅದೇ ಪುಸ್ತಕ ತೆಗೆದು "ಹೋದ್ ಸಲ ಇನ್ನೂರು ಕೊಟ್ಟಿದ್ರಿ" ಅಂತ ನೆನಪಿಸ್ತಾರೆ. ಕೆಲವು ವರ್ಷ ರಕ್ತದಾನ ಶಿಬಿರ. ಅಭಿಮಾನಿ ಸಂಘ ಅಂದ್ರೆ ಮೇಲಿನಿಂದ ಯಾರೋ ನಡೆಸೋ ದೊಡ್ಡ ಯಂತ್ರ ಅಂತ ಹೊರಗಿನವರು ಅಂದುಕೊಳ್ತಾರೆ. ಹತ್ತಿರದಿಂದ ನೋಡಿದರೆ ಅದು ಒಂದು ನೋಟ್‌ಬುಕ್ಕು, ಎಂಟು ಹತ್ತು ಜನ, ಒಂದು ಸಾಲದ ಸ್ಪೀಕರ್.

ಕಣ್ಣಿನ ದಾನವೂ ಇದೇ ದಾರಿಯಲ್ಲಿ ಹಬ್ಬಿದ್ದು. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನ ದಾನ ಮಾಡಲಾಯಿತು. ಅವರ ಹೆಸರಿನ ನೇತ್ರ ಬ್ಯಾಂಕ್ ಅದಕ್ಕೂ ಮೊದಲೇ, 1994ರಲ್ಲೇ ಶುರುವಾಗಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಕಾರ್ನಿಯಾ ಅನ್ನೋದು ಪದರ ಪದರವಾಗಿರುತ್ತೆ. ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ ಹಾಕಬಹುದು, ಹಾಗಾಗಿ ಎರಡು ಕಣ್ಣು, ನಾಲ್ಕು ಜನ. ಆಮೇಲೆ ರಾಜ್ಯದಲ್ಲಿ ಸಾವಿರಾರು ಜನ ನೇತ್ರದಾನದ ಫಾರಂ ತುಂಬಿದರು. ಬಯಾಲಜಿ ಪುಸ್ತಕ ಓದಿ ತುಂಬಿದವರು ಎಷ್ಟು ಜನ ಇರಬಹುದು, ಹೇಳಿ?

ಇದೇ ಪ್ರೀತಿಗೆ ಇನ್ನೊಂದು ಮುಖ ಇದೆ. ಅದನ್ನ ಹೇಳೋಕೆ ಹಳೇಬೀಡಿಗೆ ಹೋಗಬೇಕು. ಅರಸೀಕೆರೆಯಿಂದ ಜಾವಗಲ್ ದಾಟಿದರೆ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರ್ ಬೇಲೂರು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಂಬ ಇದೆ, ಹೆಚ್ಚಿನ ಪ್ರವಾಸಿಗರು ನೋಡದೆ ಮುಂದೆ ಹೋಗ್ತಾರೆ. ಗರುಡಗಂಬ ಅಂತಾರೆ. ಇಲ್ಲಿ ಗರುಡ ಅಂದ್ರೆ ವಿಷ್ಣುವಿನ ವಾಹನ ಅಂತ ಅಷ್ಟೇ ಅಲ್ಲ, ರಾಜನ ಅಂಗರಕ್ಷಕರನ್ನೂ ಗರುಡರು ಅಂತಿದ್ದರು. ಒಡೆಯ ಸತ್ತರೆ ತಾವೂ ಬದುಕಿರಲ್ಲ ಅಂತ ಭಾಷೆ ಕೊಟ್ಟವರು. ಇಮ್ಮಡಿ ವೀರಬಲ್ಲಾಳ 1220ರ ಹೊತ್ತಿಗೆ ತೀರಿಕೊಂಡಾಗ ಕುವರ ಲಕ್ಷ್ಮ ಅನ್ನೋ ದಂಡನಾಯಕ, ಅವನ ಹೆಂಡತಿ, ಜೊತೆಗಿದ್ದ ವೀರರು ಪ್ರಾಣ ಬಿಟ್ಟ ನೆನಪಿಗೆ ನಿಲ್ಲಿಸಿದ ಕಂಬ ಅದು. ಅದರ ಮೇಲಿನ ಸಣ್ಣ ಶಿಲ್ಪಗಳಲ್ಲಿ ಮನುಷ್ಯರು ಕತ್ತಿ ಹಿಡಿದು ತಮ್ಮ ಕತ್ತನ್ನೇ ಕತ್ತರಿಸಿಕೊಳ್ತಿದ್ದಾರೆ. ನಮ್ಮ ಅರಸೀಕೆರೆಯ ಶಿವಾಲಯವೂ ಅದೇ ಹೊತ್ತಿನದು. ಚಿಕ್ಕಂದಿನಿಂದ ಆಟ ಆಡಿದ ನಕ್ಷತ್ರದ ಆಕಾರದ ಮಂಟಪ ಕಟ್ಟಿದ ಕಾಲದಲ್ಲೇ ಅಲ್ಲಿ ಜನ ಹೀಗೆ ಸಾಯ್ತಿದ್ರು ಅಂತ ಯೋಚಿಸಿದ್ರೆ ಮೈ ಜುಮ್ ಅನ್ನುತ್ತೆ.

ಕಲ್ಲಿನ ಮೇಲೆ ಅದು ನಿಷ್ಠೆ. ಇವತ್ತು ಅದೇ ನಡೆದರೆ ಒಂದು ಮನೆ ಬೀದಿಗೆ ಬರುತ್ತೆ. ದೊಡ್ಡ ನಟರು ಹೋದಾಗಲೆಲ್ಲ ದುಃಖ ತಾಳದೆ ಪ್ರಾಣ ಕಳೆದುಕೊಂಡವರ ಸುದ್ದಿ ಬರುತ್ತೆ, ನಟರ ಮನೆಯವರೇ ಮುಂದೆ ಬಂದು ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳಬೇಕಾಗುತ್ತೆ. ರಾಜ್‌ಕುಮಾರ್ ಹೋದಾಗ ಬೆಂಗಳೂರಿನ ಗಲಭೆಯಲ್ಲಿ ಒಬ್ಬ ಪೊಲೀಸ್ ಸೇರಿ ಎಂಟು ಜನ ಸತ್ತರು. ವಿಷ್ಣುವರ್ಧನ್ ಹೋದ ದಿನವೂ ಬೆಂಗಳೂರಿನಲ್ಲಿ ಕಲ್ಲು ತೂರಾಟ ಆಯಿತು. ಆದರೆ 2021ರಲ್ಲಿ ಪುನೀತ್ ಹೋದಾಗ, ಜನ ಅದಕ್ಕಿಂತ ಕಮ್ಮಿ ಏನೂ ಇರಲಿಲ್ಲ, ಎಲ್ಲ ಬಹಳ ಶಾಂತವಾಗಿ ನಡೆಯಿತು. ವ್ಯತ್ಯಾಸ ಏನು? ನನಗೆ ಕಾಣೋ ಕಾರಣ ಸರಳ: ಕಂಠೀರವ ಸ್ಟೇಡಿಯಂನಲ್ಲಿ ರಾತ್ರಿ ಹಗಲು ದರ್ಶನಕ್ಕೆ ಬಿಟ್ಟರು, ಅಂತ್ಯಕ್ರಿಯೆ ಅಕ್ಟೋಬರ್ 31ಕ್ಕೆ ಮಾಡಿದರು. ದೂರದ ಊರಿನವನಿಗೂ ಬಂದು ನೋಡೋಕೆ ಟೈಮ್ ಸಿಕ್ತು. ಕೊನೇ ಸಲ ಮುಖ ನೋಡೋಕಾಗಲ್ಲ ಅನ್ನೋ ಗಾಬರಿಯೇ ಜನರನ್ನ ನುಗ್ಗೋ ಹಾಗೆ ಮಾಡೋದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ, ಬಾಗಿಲು ಕಿರಿದು ಮಾಡಿದಷ್ಟೂ ಒತ್ತಡ ಜಾಸ್ತಿ.

ನೋಡೋಕೆ ಒಂದು ಜಾಗ ಬೇಕು ಅನ್ನೋ ಈ ಆಸೆ ಸಾವಿನ ದಿನಕ್ಕೆ ಮುಗಿಯಲ್ಲ. ವಿಷ್ಣುವರ್ಧನ್ ಅಭಿಮಾನಿಗಳ ಹದಿನಾರು ವರ್ಷದ ನೋವು ಇರೋದೇ ಇಲ್ಲಿ.

ಅವರ ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಉತ್ತರಹಳ್ಳಿ ಕಡೆಯ ಅಭಿಮಾನ್ ಸ್ಟುಡಿಯೋದಲ್ಲಿ. ಹಿರಿಯ ನಟ ಟಿ.ಎನ್. ಬಾಲಕೃಷ್ಣ ಅವರು ಸರ್ಕಾರದಿಂದ ಜಾಗ ಪಡೆದು ಕಟ್ಟಿದ ಸ್ಟುಡಿಯೋ ಅದು. ಅಲ್ಲೊಂದು ಸಣ್ಣ ಸಮಾಧಿ ಆಯಿತು, ಅಭಿಮಾನಿಗಳು ಹೋಗಿ ಬರೋಕೆ ಶುರು ಮಾಡಿದರು. ಆದರೆ ಜಾಗದ ಒಡೆತನದ ತಕರಾರು ಕೋರ್ಟಿಗೆ ಹೋಯಿತು, ದೊಡ್ಡ ಸ್ಮಾರಕ ಅಲ್ಲಿ ಆಗಲೇ ಇಲ್ಲ. ರಾಜ್‌ಕುಮಾರ್ ಅವರಿಗೆ ಕಂಠೀರವ ಸ್ಟುಡಿಯೋದಲ್ಲಿ ಸ್ಮಾರಕ ಆಯಿತು, ಅಂಬರೀಶ್ ಅವರಿಗೂ ಪುನೀತ್ ಅವರಿಗೂ ಅಲ್ಲೇ ಜಾಗ ಸಿಕ್ಕಿತು. ವಿಷ್ಣು ಅಭಿಮಾನಿಗಳು ಮಾತ್ರ ವರ್ಷ ವರ್ಷ ಮನವಿ ಪತ್ರ ಹಿಡಿದು ಓಡಾಡಿದರು. ಕೊನೆಗೆ ಸರ್ಕಾರ ಅವರು ಹುಟ್ಟಿದ ಮೈಸೂರಿನಲ್ಲಿ, ಎಚ್.ಡಿ. ಕೋಟೆ ರಸ್ತೆಯ ಹಾಲಾಳು ಗ್ರಾಮದ ಹತ್ತಿರ ಸ್ಮಾರಕ ಕಟ್ಟಿಸಿತು. 2023ರ ಜನವರಿ 29ರಂದು ಉದ್ಘಾಟನೆ. ಅಂದ್ರೆ ಹದಿಮೂರು ವರ್ಷ! ನಮ್ಮ ಎಂಜಿನಿಯರಿಂಗ್ ಕೋರ್ಸನ್ನ ಮೂರು ಸಲ ಮುಗಿಸಬಹುದು, ಬ್ಯಾಕ್ ಇದ್ರೂ ಸೇರಿಸಿ.

ಕಟ್ಟಡ ಚೆನ್ನಾಗಿದೆ. ಆದರೂ ಎಷ್ಟೋ ಅಭಿಮಾನಿಗಳಿಗೆ ದೇಹ ಬೆಂದ ನೆಲ ಬೇರೆ, ಸ್ಮಾರಕ ಬೇರೆ. "ಅಲ್ಲಿ ಹೋದ್ರೆ ದಾದಾ ಫೋಟೋ ಇದೆ, ಇಲ್ಲಿ ಹೋದ್ರೆ ದಾದಾ ಇದ್ದಾರೆ" ಅಂತ ಮಾವ ಹೇಳೋದು. 2025ರ ಆಗಸ್ಟ್ 8ರಂದು ಬೆಳಗಾಗುವಷ್ಟರಲ್ಲಿ ಅಭಿಮಾನ್ ಸ್ಟುಡಿಯೋದ ಆ ಸಮಾಧಿಯನ್ನ ಕೆಡವಿ ತೆರವು ಮಾಡಿದ್ದರು. ಅವತ್ತು ಮಾವ ಆಟೋ ತೆಗೆಯಲಿಲ್ಲ. ಕಾನೂನಿನ ಪ್ರಕಾರ ಜಾಗ ಯಾರದು ಅನ್ನೋದು ಕೋರ್ಟಿನ ವಿಷಯ, ಅದರ ಬಗ್ಗೆ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ಆದರೆ ಕತ್ತಲಲ್ಲಿ, ಯಾರಿಗೂ ಹೇಳದೆ, ಪೂಜೆ ಮಾಡೋಕೂ ಬಿಡದೆ ಆ ಕೆಲಸ ಆಯಿತಲ್ಲ, ಅದು ತಪ್ಪು ಅಂತ ಹೇಳೋಕೆ ಲಾ ಡಿಗ್ರಿ ಬೇಕಿಲ್ಲ. ಒಂದು ತಿಂಗಳ ಮೇಲೆ, ಸೆಪ್ಟೆಂಬರ್ 11ರಂದು, ಸರ್ಕಾರ ವಿಷ್ಣುವರ್ಧನ್ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಿಸಿತು. ಜೊತೆಗೆ ಅದೇ ಜುಲೈನಲ್ಲಿ ತೀರಿಕೊಂಡಿದ್ದ ಬಿ. ಸರೋಜಾದೇವಿ ಅವರಿಗೂ. ಅವರು 1964ರ 'ಅಮರಶಿಲ್ಪಿ ಜಕಣಾಚಾರಿ'ಯ ನಾಯಕಿ. ಬೇಲೂರಿನ ಶಿಲ್ಪಿಯ ಕಥೆ, ಕನ್ನಡದ ಮೊದಲ ಪೂರ್ಣ ಬಣ್ಣದ ಸಿನಿಮಾ. ಬೇಲೂರು ಹೇಗೋ ಬಂದು ಸೇರಿಕೊಳ್ಳುತ್ತೆ.

ಹೊಯ್ಸಳರ ಕಾಲದಲ್ಲಿ ಒಂದು ಜಾಗವನ್ನ ದಾನ ಕೊಟ್ಟರೆ ಶಾಸನದಲ್ಲಿ ಎಲ್ಲ ಬರೀತಿದ್ರು. ಕೊಟ್ಟವರು ಯಾರು, ಎಷ್ಟು ಭೂಮಿ, ಪೂರ್ವಕ್ಕೆ ಯಾವ ಮರ, ಪಶ್ಚಿಮಕ್ಕೆ ಯಾವ ಹಳ್ಳ. ಕೊನೆಗೆ ಶಾಪಾಶಯ: ಇದನ್ನ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರುತ್ತೆ ಅಂತ. ನಗು ಬರಬಹುದು, ಆದರೆ ದಾಖಲೆ ಅಂದ್ರೆ ಹಂಗಿರಬೇಕು. ಹಳೇಬೀಡಿನ ದೇವಸ್ಥಾನವನ್ನೇ ತಗೊಳ್ಳಿ, ಅದನ್ನ ಕಟ್ಟಿಸೋಕೆ ಮುಂದಾದವನು ಕೇತಮಲ್ಲ ಅನ್ನೋ ಅಧಿಕಾರಿ, ದೇವರಿಗೆ ಇಟ್ಟಿದ್ದು ತನ್ನ ದೊರೆಯ ಹೆಸರು. ಒಂಥರಾ ಅವನೂ ಅಭಿಮಾನಿಯೇ. 2009ರ ಡಿಸೆಂಬರಿನಲ್ಲಿ ಆತುರದಲ್ಲಿ ಜಾಗ ಆರಿಸಿದಾಗ, ಒಂದು ಗಟ್ಟಿ ಕಾಗದ ಮಾಡಿಸಿ ಆ ನೆಲದ ನಾಲ್ಕು ಎಲ್ಲೆ ಬರೆಸಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲವೇನೋ.

ನಮ್ಮ ಕಡೆಯ ಹೊಲ, ಕೆರೆ ಏರಿ, ದೇವಸ್ಥಾನದ ಹಿತ್ತಲಲ್ಲೆಲ್ಲ ಸಿಗೋ ವೀರಗಲ್ಲುಗಳನ್ನ ಗಮನಿಸಿ ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಯುದ್ಧ. ನಡುವೆ ಅಪ್ಸರೆಯರು ಸತ್ತ ವೀರನನ್ನ ಮೇಲಕ್ಕೆ ಕರೆದುಕೊಂಡು ಹೋಗ್ತಿರೋದು. ಮೇಲೆ ಲಿಂಗದ ಮುಂದೆ ಅವನು ಕೂತಿರೋದು, ಅದರ ಮೇಲೆ ಸೂರ್ಯ, ಚಂದ್ರ, ಅವು ಇರೋವರೆಗೂ ಇವನ ಹೆಸರಿರಲಿ ಅಂತ. ಈಗ ನಮ್ಮೂರ ಸರ್ಕಲ್ಲಿನ ಪುಣ್ಯಸ್ಮರಣೆಯ ಫ್ಲೆಕ್ಸ್ ನೋಡಿ. ಕೆಳಗೆ ಸಾಲಾಗಿ ಪಾಸ್‌ಪೋರ್ಟ್ ಸೈಜ್ ಫೋಟೋದಲ್ಲಿ ಅಭಿಮಾನಿಗಳು, ಹೆಸರಿನ ಜೊತೆ. ನಡುವೆ ಬಿರುದು, ದಿನಾಂಕ. ಮೇಲೆ ಮೋಡದ ನಡುವೆ ದಾದಾ, ಹಿಂದೆ ಸೂರ್ಯನ ಬೆಳಕು. ಡಿಸೈನ್ ಮಾಡಿದವನು ವೀರಗಲ್ಲು ನೋಡಿ ಮಾಡಿಲ್ಲ, ಫೋಟೋಶಾಪಿನಲ್ಲಿ ಕೈಗೆ ಸಿಕ್ಕಿದ್ದು ಹಾಕಿದ್ದಾನೆ. ಆದರೂ ವಿನ್ಯಾಸ ಅದೇ. ಕೆಳಗಿನ ಸಾಲಿನ ಫೋಟೋಗಳ ಬಗ್ಗೆ ತುಂಬಾ ಜನ ಗೇಲಿ ಮಾಡ್ತಾರೆ, ಸತ್ತವರ ಹೆಸರಲ್ಲಿ ತಾವು ಮಿಂಚ್ತಾರೆ ಅಂತ. ನನಗೆ ಹಾಗನಿಸಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಅದನ್ನ ನೋಡಿ ನಾವು ಹೆಮ್ಮೆ ಪಡ್ತೀವಿ. ಇವನು ಪ್ಲಂಬರ್, ಅವನು ಹೂ ಮಾರೋನು, ವರ್ಷಕ್ಕೊಂದು ಸಲ ಅವರ ಮುಖ ಸರ್ಕಲ್ಲಿನಲ್ಲಿ ಕಂಡರೆ ಏನು ಹೋಯಿತು?

ಒಂದೇ ಕಷ್ಟ, ಕಲ್ಲಿಗೆ ಎಂಟುನೂರು ವರ್ಷ ಆಯುಸ್ಸು. ಫ್ಲೆಕ್ಸ್ ಅನ್ನೋದು ಪಿವಿಸಿ ಲೇಪನದ ಬಟ್ಟೆ, ಬಿಸಿಲಿಗೆ ಕೆಲವೇ ತಿಂಗಳಲ್ಲಿ ಬಣ್ಣ ಹೋಗುತ್ತೆ, ಆಮೇಲೆ ಯಾರದೋ ಕೊಟ್ಟಿಗೆಯ ಸೂರಾಗುತ್ತೆ.

ಇಲ್ಲಿಗೆ ಬಂದಾಗ ನನಗೆ ಅನಿಸೋದು, ನಾವು ತಪ್ಪು ಜಾಗದಲ್ಲಿ ಗಾಬರಿಯಾಗ್ತಿದ್ದೀವಿ. ಸಮಾಧಿ ಹೋದದ್ದಕ್ಕೆ ಅತ್ತೆವು, ಸರಿಯೇ. ಆದರೆ ನಟನೊಬ್ಬ ನಿಜವಾಗಿ ಇರೋದು ಎಲ್ಲಿ? ಸಿನಿಮಾದಲ್ಲಿ. ಅವರು ಹೋದ ಮೇಲೆ 2010ರ ಫೆಬ್ರವರಿಯಲ್ಲಿ ಬಂದ 'ಆಪ್ತರಕ್ಷಕ' 200ನೇ ಚಿತ್ರ ಅಂತ ಪ್ರಚಾರವಾಗಿತ್ತು. ಆ ಇನ್ನೂರರಲ್ಲಿ ಚೆನ್ನಾಗಿರೋ ಪ್ರಿಂಟಿನಲ್ಲಿ ನೀವು ಇವತ್ತು ನೋಡಬಹುದಾದದ್ದು ಎಷ್ಟು? ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಮುಖ ಮಸುಕು, ಮೂಲೆಯಲ್ಲಿ ಚಾನೆಲ್ ಲೋಗೋ, ಅಕ್ಕಪಕ್ಕ ಕತ್ತರಿಸಿದ ಚಿತ್ರ, ಹಾಡು ಅರ್ಧಕ್ಕೇ ಮಾಯ.

ಇದರ ಹಿಂದೆ ಸ್ವಲ್ಪ ಕೆಮಿಸ್ಟ್ರಿ ಇದೆ. ಆಗಿನ ಸಿನಿಮಾ ರೀಲುಗಳು ಹೆಚ್ಚಾಗಿ ಸೆಲ್ಯುಲೋಸ್ ಅಸಿಟೇಟ್. ಸೆಖೆ ಮತ್ತು ತೇವ ಎರಡೂ ಸೇರಿದರೆ ಅದು ನಿಧಾನಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ. ಡಬ್ಬಿ ತೆಗೆದರೆ ವಿನೆಗರ್ ವಾಸನೆ. ಆ ಆಮ್ಲವೇ ಮತ್ತೆ ರೀಲನ್ನ ತಿನ್ನುತ್ತೆ, ಅಂದ್ರೆ ಒಮ್ಮೆ ಶುರುವಾದರೆ ವೇಗ ಹೆಚ್ಚುತ್ತಲೇ ಹೋಗುತ್ತೆ. ರೀಲು ಸುರುಟಿಕೊಂಡು, ಕುಗ್ಗಿ, ಕೊನೆಗೆ ಪ್ರೊಜೆಕ್ಟರಿಗೆ ಹತ್ತೋದೇ ಇಲ್ಲ. ಬಣ್ಣದ ಚಿತ್ರಗಳಿಗೆ ಇನ್ನೊಂದು ಕಾಯಿಲೆ: ಮೂರು ಬಣ್ಣದ ಪದರಗಳು ಒಂದೇ ವೇಗದಲ್ಲಿ ಮಾಸಲ್ಲ, ನೀಲಿ-ಹಸಿರು ಬೇಗ ಹೋಗಿ ಇಡೀ ಚಿತ್ರ ಕೆಂಪಾಗುತ್ತೆ. ತಣ್ಣಗೆ, ಒಣಗಿದ ಕೋಣೆಯಲ್ಲಿ ಇಟ್ಟರೆ ದಶಕಗಟ್ಟಲೆ ಉಳಿಯುತ್ತೆ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಫಿಲಂ ಆರ್ಕೈವ್ ಮಾಡೋದು ಅದನ್ನೇ. ಆದರೆ ರೀಲು ಅಲ್ಲಿಗೆ ತಲುಪಬೇಕಲ್ಲ.

ಮಾಡಿದರೆ ಆಗುತ್ತೆ ಅನ್ನೋದಕ್ಕೆ 'ನಾಗರಹಾವು' ಸಾಕ್ಷಿ. 2018ರ ಜುಲೈ 20ರಂದು ಅದನ್ನ ಡಿಜಿಟಲ್ ಆಗಿ ಶುಚಿ ಮಾಡಿ, 7.1 ಸೌಂಡ್ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಮಾವನ ಜೊತೆ ನಾನು ನೋಡಿದ್ದು ಅದನ್ನೇ. 46 ವರ್ಷ ಹಳೇ ಸಿನಿಮಾಗೆ ಜನ ಕುರ್ಚಿ ಮೇಲೆ ನಿಂತಿದ್ದರು. ಕೋಟೆಯ ಬಂಡೆಗಳ ಬಣ್ಣ, ರಾಮಾಚಾರಿಯ ಕಣ್ಣಿನ ನೀರು, ಟೀವಿಯಲ್ಲಿ ಯಾವತ್ತೂ ಕಾಣದ್ದು ಕಂಡಿತು.

ಅದಕ್ಕೂ ಎರಡು ವರ್ಷ ಮೊದಲು, 2016ರಲ್ಲಿ, 'ನಾಗರಹಾವು' ಅನ್ನೋ ಹೆಸರಲ್ಲೇ ಇನ್ನೊಂದು ಸಿನಿಮಾ ಬಂದಿತ್ತು. ಕೋಡಿ ರಾಮಕೃಷ್ಣ ನಿರ್ದೇಶನ. ಅದರಲ್ಲಿ ಬೇರೊಬ್ಬ ನಟನ ದೇಹಕ್ಕೆ ಗ್ರಾಫಿಕ್ಸ್‌ನಲ್ಲಿ ವಿಷ್ಣುವರ್ಧನ್ ಅವರ ತಲೆ ಕೂರಿಸಿದ್ದರು. ತೀರಿಕೊಂಡು ಏಳು ವರ್ಷ ಆಗ್ತಾ ಬಂದಿದ್ದ ನಟ ಪರದೆ ಮೇಲೆ ನಡೆದು ಬಂದಾಗ ಥಿಯೇಟರಿನಲ್ಲಿ ಕರ್ಪೂರ ಹಚ್ಚಿದವರಿದ್ದಾರೆ. ತಾಂತ್ರಿಕವಾಗಿ ಆ ಕಾಲಕ್ಕೆ ದೊಡ್ಡ ಕೆಲಸವೇ. ಈಗ ಅಷ್ಟು ಕಷ್ಟವೂ ಬೇಡ, ನಮ್ಮ ಹಾಸ್ಟೆಲ್ಲಿನ ಯಾವ ಹುಡುಗ ಬೇಕಾದರೂ ಎಐ ಹಾಕಿ ದಾದಾ ದನಿಯಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳಿಸ್ತಾನೆ. ನನ್ನ ಮಾತು ಕೆಲವರಿಗೆ ಇಷ್ಟ ಆಗದೇ ಇರಬಹುದು, ಆದರೂ ಹೇಳ್ತೀನಿ: ಅವರು ಆಡದ ಮಾತನ್ನ ಅವರ ಬಾಯಿಂದ ಆಡಿಸೋಕೆ ಹಾಕೋ ಶ್ರಮದಲ್ಲಿ ಅರ್ಧ, ಅವರು ಆಡಿದ ಮಾತನ್ನ ಉಳಿಸೋಕೆ ಹಾಕಿದರೆ ಸಾಕು. ಒಂದು ಎಐ ಮಾಡೆಲ್ ಗೀರುಬಿದ್ದ ಫ್ರೇಮನ್ನ ಸರಿ ಮಾಡಬಲ್ಲದು, ಗೊರಗೊರ ಸದ್ದನ್ನ ತೆಗೆಯಬಲ್ಲದು. ಅದು ಒಳ್ಳೇ ಫೈನಲ್ ಇಯರ್ ಪ್ರಾಜೆಕ್ಟ್ ಆಗುತ್ತೆ, ಪಾರ್ಕಿಂಗ್ ಸೆನ್ಸರಿಗಿಂತ ಖಂಡಿತ ಮೇಲು.

ರೀಲು ಮಾತ್ರ ಅಲ್ಲ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ಕಡೆ ಹಿಂದೆ ಸಿನಿಮಾ ತೋರಿಸಿದವರು, ರೀಲಿನ ಡಬ್ಬಿ ಹೊತ್ತವರು, ಎತ್ತಿನ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಪ್ರಚಾರ ಮಾಡಿದವರು ಕೆಲವರಾದರೂ ಇನ್ನೂ ಇದ್ದಾರೆ. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಯಾವ ಸಿನಿಮಾ ಎಷ್ಟು ವಾರ ಓಡಿತು, ಯಾವ ದೃಶ್ಯಕ್ಕೆ ಜನ ಕಾಸು ತೂರಿದರು, 2009ರ ಡಿಸೆಂಬರ್ 30ಕ್ಕೆ ಟಾಕೀಸಿನ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಿದರು, ಇದೆಲ್ಲ ಅವರ ತಲೆಯಲ್ಲಿದೆ, ಬೇರೆಲ್ಲೂ ಬರೆದಿಲ್ಲ. ಈ ರಜೆಯಲ್ಲಿ ನಾನು ಮಾವನಿಂದ ಶುರು ಮಾಡಿದ್ದೀನಿ, ಫೋನಿನಲ್ಲಿ ಎರಡು ಗಂಟೆ ರೆಕಾರ್ಡ್ ಆಗಿದೆ. ಅರ್ಧ ಗಂಟೆ ಬರೀ 'ಬಂಧನ' ಸಿನಿಮಾ ಕಥೆ ಹೇಳಿದ್ದಾರೆ, ಇರಲಿ. ಚಂದಾ ನೋಟ್‌ಬುಕ್ಕಿನ ಪುಟಗಳನ್ನೂ ಸ್ಕ್ಯಾನ್ ಮಾಡಿಕೊಂಡೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಹಾಡಿನ ಪುಸ್ತಕ, ಕರಪತ್ರ, ಟಿಕೆಟ್ಟಿನ ತುಂಡು, ಕಟೌಟ್ ಮುಂದೆ ನಿಂತ ಫೋಟೋ ಏನಾದರೂ ಇದ್ದರೆ ನಮ್ಮ ಸಂಘದ ಗುಂಪಿಗೆ ಕಳಿಸಿ. ಊರು, ಟಾಕೀಸಿನ ಹೆಸರು, ವರ್ಷ, ಮತ್ತು ಫೋಟೋದಲ್ಲಿ ಎಡದಿಂದ ಬಲಕ್ಕೆ ಯಾರ್ಯಾರಿದ್ದಾರೆ ಅಂತ ಹಿಂದೆ ಬರೆದು ಕಳಿಸಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಇಂಕು ಫೋಟೋಗೆ ಇಳಿಯುತ್ತೆ.